ಮನೆ ಚೊಕ್ಕ ಇದ್ದಿದ್ದೇ ತಪ್ಪಾಯ್ತು

"ಇನ್ಶೂರೆನ್ಸಿನವ ಬಂದಿದ್ದ ತಮಾ. ಚಾ ಮಾಡಿಕೊಟ್ಟಿ. ಮನೆ ರಾಶಿ ಚೊಕ್ಕ ಇದ್ದು ಹೇಳ್ದ." ಫೋನಿನಲ್ಲಿ ಆಯಿಯ ದನಿ ಹಿಗ್ಗಿತ್ತು. ಇಲ್ಲಿ ಇಂಗ್ಲೆಂಡಿನ ರೆಡಿಂಗಿನ ಅಡುಗೆಮನೆಯಲ್ಲಿ ನಾನು ತಲೆ ಮೇಲೆ ಕೈಹೊತ್ತು ಕೂತೆ. ನೆರೆಗೆ ಹಾಳಾದದ್ದನ್ನು ನೋಡಿ ಬರೆದುಕೊಳ್ಳಲು ಬಂದ ಸರ್ವೇಯರಿಗೆ ಮನೆ ಚೊಕ್ಕ ಕಂಡರೆ ಅವನು ವರದಿಯಲ್ಲಿ ಇನ್ನೇನು ಬರೆದಾನು?

ನಮ್ಮ ಮನೆ ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿ ದಂಡೆಗೆ. ಕಾಳಿ ನದಿ ತೀರದವರಿಗೆ ಕದ್ರಾ ಅಣೆಕಟ್ಟಿನಿಂದ ನೀರು ಬಿಡುವ ಮುಂಚೆ ಒಂದು ಎಚ್ಚರಿಕೆಯಾದರೂ ಸಿಗುತ್ತದೆ. ಅಘನಾಶಿನಿಗೆ ಅಣೆಕಟ್ಟೇ ಇಲ್ಲ, ಘಟ್ಟದ ಮೇಲೆ ಹೊಯ್ದದ್ದು ನೇರ ನಮ್ಮ ಅಂಗಳಕ್ಕೆ. ಅವತ್ತು ಕಡಲಿನ ಭರತವೂ ಕೂಡಿಕೊಂಡು ರಾತ್ರಿ ಮೊಣಕಾಲುದ್ದ ನೀರು ಒಳಗೆ ಬಂತು, ಇಳಿತಕ್ಕೆ ಹೋಯಿತು. ಬೆಳಗಾಗುವುದರೊಳಗೆ ಮೇಲಿನ ಕೇರಿಯವರೆಲ್ಲ ಪೊರಕೆ, ಬಕೆಟ್ ಹಿಡಿದು ಹಾಜರು. ನೆನೆದ ಹಾಸಿಗೆ, ಅಕ್ಕಿ ಮೂಟೆ ಎಲ್ಲ ಹೊರಗೆ. ಫ್ರಿಜ್ಜನ್ನು ಹೊತ್ತು ಕುಮಟೆಯ ರಿಪೇರಿ ಅಂಗಡಿಗೆ ಸಾಗಿಸಿದರು. ಗೋಡೆಯ ಮೇಲೆ ಉಳಿದಿದ್ದ ಕೆಸರಿನ ಗೆರೆಯನ್ನೂ ಪಕ್ಕದ ಮನೆ ಭಾವ ಕಾಯಿಸಿಪ್ಪೆ ಹಾಕಿ ತಿಕ್ಕಿ ತೆಗೆದ. ಸರ್ವೇಯರು ಬಂದು ಮೊದಲು ಹುಡುಕುವುದೇ ಆ ಗೆರೆಯನ್ನು!

ಪಾಲಿಸಿ ಇತ್ತು. ಸಾಲ ತೆಗೆದು ಮನೆ ದೊಡ್ಡದು ಮಾಡುವಾಗ ಮಾಡಿಸಿದ ಭಾರತ್ ಗೃಹ ರಕ್ಷಾ. 2021ರ ಏಪ್ರಿಲ್‌ನಿಂದ ಎಲ್ಲ ಕಂಪನಿಗಳೂ ಒಂದೇ ನಮೂನೆಯಲ್ಲಿ ಕೊಡಬೇಕಾದ ವಿಮೆ ಇದು. ನೆರೆ ಸೇರಿದೆ, ಪೈಪು ಟಾಂಕಿ ಒಡೆದದ್ದೂ ಸೇರಿದೆ. ಒಳಗಿನ ಸಾಮಾನಿಗೆ ಕಟ್ಟಡದ ಮೊತ್ತದ ಶೇ. 20, ಹತ್ತು ಲಕ್ಷದವರೆಗೆ, ತಾನಾಗಿಯೇ ಸಿಗುತ್ತದೆ. ಸಾಮಾನು ಹಾಳಾದದ್ದನ್ನು ತೋರಿಸಿದರಾಯಿತು. ನಾವು ತೋರಿಸಿದ್ದು ಫಳಫಳ ಹೊಳೆಯುವ ನೆಲ.

ಹಿಂದಿನ ಚಳಿಗಾಲ ಇಲ್ಲಿ ನನ್ನ ಮನೆಯಲ್ಲೂ ವಾಷಿಂಗ್ ಮೆಷೀನಿನ ಪೈಪು ಬಿಟ್ಟುಕೊಂಡು ನೆಲವೆಲ್ಲ ಉಬ್ಬಿತ್ತು. ಇಲ್ಲಿನ ಇನ್ಶೂರೆನ್ಸ್ ಕಂಪನಿಗೆ ಫೋನು ಮಾಡಿದಾಗ ಅಲ್ಲಿನ ಹುಡುಗಿ ಹೇಳಿದ ಮೊದಲ ಮಾತು: ನೀರು ಬಂದ್ ಮಾಡಿ, ಫೋಟೋ ತೆಗೆಯಿರಿ, ಏನನ್ನೂ ಎಸೆಯಬೇಡಿ. ಮೂರನೇ ದಿನ ಒಬ್ಬ ಬಂದು ಗೋಡೆಗೆ ಎರಡು ಮೊಳೆಯಿರುವ ಮೀಟರ್ ಚುಚ್ಚಿ ತೇವ ಅಳೆದ. ತೇವ ಹೀರುವ ಯಂತ್ರ ಎರಡು ಇಟ್ಟು ಹೋದ, ಮೂರು ವಾರ ಅವು ಗುಂಯ್ ಅನ್ನುತ್ತಲೇ ಇದ್ದವು. ನಮ್ಮ ಪಾಲಿನದು ಕಳೆದು ಉಳಿದ ದುಡ್ಡು ತಕರಾರಿಲ್ಲದೆ ಬಂತು.

ನಮ್ಮವರಿಗೆ ಇಷ್ಟೇ ಒಂದು ಬುದ್ಧಿ ಬೇಡವೇ? ಕೈಯಲ್ಲೆಲ್ಲ ಫೋನು, ದಿನಕ್ಕೆ ಹತ್ತು ಗುಡ್ ಮಾರ್ನಿಂಗು, ನೆರೆ ಬಂದ ದಿನ ಒಂದು ಫೋಟೋ ಇಲ್ಲ! ತಲಾಠಿಯ (ಊರಿನ ಕಂದಾಯ ಅಧಿಕಾರಿಯ) ಪಂಚನಾಮೆಯಲ್ಲಿ ನೀರು ಒಳಗೆ ಬಂದದ್ದಿದೆ, ಏನೇನು ಹಾಳಾಯಿತು ಎಂಬುದಿಲ್ಲ. ಆಯಿಗೆ ರೇಗಿದರೆ ಅವಳದ್ದೇ ನ್ಯಾಯ: "ಮನೆಗೆ ಬಪ್ಪವ್ಕೆ ಕೆಸರು ತೋರ್ಸಲಾಗ್ತನಾ ತಮಾ?"

ನಾನು ಉತ್ತರಿಸಲಿಲ್ಲ. ಆ ಮೂರು ವಾರ ನನ್ನ ಮನೆಗೆ ಬಂದವರೆಂದರೆ ಮೀಟರಿನವ ಒಬ್ಬನೇ, ಇದನ್ನು ಒಪ್ಪಲೇಬೇಕು. ಪಕ್ಕದ ಮನೆಯವರು ಉಬ್ಬಿದ ಹಲಗೆಗಳು ಹೊರಗೆ ಬಿದ್ದದ್ದು ನೋಡಿ, ಹೊಸ ನೆಲ ಹಾಕಿಸುತ್ತಿದ್ದೀರಾ, ಚೆನ್ನಾಗಿದೆ ಅಂದರು.

ಆಮೇಲೆ ಒಂದು ಫೋಟೋ ಸಿಕ್ಕಿತು. ಫ್ರಿಜ್ ಹೊರುವಾಗ ಭಾವನ ಮಗ ಸೆಲ್ಫಿ ಹೊಡೆದುಕೊಂಡಿದ್ದ. ನಾಲ್ಕು ಜನ ಹಲ್ಲು ಕಿರಿದಿದ್ದಾರೆ, ಫ್ರಿಜ್ಜಿನ ಬಾಗಿಲಿಂದ ಕೆಸರುನೀರು ಸುರಿಯುತ್ತಿದೆ, ಹಿಂದಿನ ಗೋಡೆಯ ಮೇಲೆ ಆ ಗೆರೆ ಇನ್ನೂ ಇದೆ. ಅದನ್ನೇ ಸರ್ವೇಯರಿಗೆ ಕಳಿಸಿದೆವು. ಫ್ರಿಜ್ಜಿನ ದುಡ್ಡು ಬಂತು. ಹಾಸಿಗೆಯದು ಬರಲಿಲ್ಲ.