ಹದಿನೇಳು ವರ್ಷಗಳ ‘ನಾಳೆ ಬಾ’

ರಾಕ್ ಸಂಗೀತದ ಅಭಿಮಾನಿಗೆ ಇರಬೇಕಾದ ಅರ್ಹತೆಗಳಲ್ಲಿ ಒಳ್ಳೆಯ ಕಿವಿಗೆ ಎರಡನೆಯ ಸ್ಥಾನ, ಮೊದಲನೆಯದು ತಾಳ್ಮೆಗೆ. ಈ ಸಿದ್ಧಾಂತವನ್ನು ಪ್ರಯೋಗದ ಮೂಲಕ ಸಾಧಿಸಿ ತೋರಿಸಿದ ಕೀರ್ತಿ ಲಾಸ್ ಏಂಜಲೀಸ್‌ನ ಗನ್ಸ್ ಎನ್ ರೋಸಸ್ ತಂಡಕ್ಕೆ, ಅದರಲ್ಲೂ ಮುಖ್ಯವಾಗಿ ಅದರ ಗಾಯಕ ಆಕ್ಸೆಲ್ ರೋಸ್ ಅವರಿಗೆ ಸಲ್ಲಬೇಕು. 1987ರಲ್ಲಿ ಬಂದ ಈ ತಂಡದ ಮೊದಲ ಆಲ್ಬಂ ‘ಅಪೆಟೈಟ್ ಫಾರ್ ಡಿಸ್ಟ್ರಕ್ಷನ್’ ಅಮೆರಿಕವೊಂದರಲ್ಲೇ 1.8 ಕೋಟಿ ಪ್ರತಿಗಳಷ್ಟು ಖರ್ಚಾಯಿತು. 1991ರ ಸೆಪ್ಟೆಂಬರ್ 17ರಂದು ‘ಯೂಸ್ ಯುವರ್ ಇಲ್ಯೂಷನ್’ ಎಂಬ ಹೆಸರಿನ ಎರಡು ಆಲ್ಬಂಗಳು ಒಂದೇ ದಿನ ಹೊರಬಂದವು. ಒಂದೇ ದಿನ ಎರಡು ಆಲ್ಬಂ ಹಂಚಿದ ಆ ದುಂದುಗಾರಿಕೆಗೆ ಪ್ರಾಯಶ್ಚಿತ್ತವೋ ಎಂಬಂತೆ, ಸ್ವಂತ ಹಾಡುಗಳ ಮುಂದಿನ ಆಲ್ಬಂ ಕೊಡಲು ತಂಡವು 17 ವರ್ಷ ತೆಗೆದುಕೊಂಡಿತು. ನಡುವೆ 1993ರಲ್ಲಿ ಒಂದು ಆಲ್ಬಂ ಬಂತೆಂಬುದು ನಿಜ, ಆದರೆ ಅದರಲ್ಲಿದ್ದದ್ದು ಬೇರೆಯವರ ಹಾಡುಗಳು. ನೆಂಟರ ಮನೆಯ ಅಡುಗೆಯನ್ನು ತಂದು ಬಡಿಸಿದ್ದನ್ನು ಔತಣವೆಂದು ಲೆಕ್ಕಕ್ಕೆ ಹಿಡಿಯುವುದು ಬೇಡ.

ತಡವಾಗುವುದಕ್ಕೆ ಮೊದಲು ಜನ ಕಡಿಮೆಯಾಗಬೇಕಿತ್ತು, ಹಾಗೆಯೇ ಆಯಿತು. 1996ರಲ್ಲಿ ಗಿಟಾರ್ ವಾದಕ ಸ್ಲ್ಯಾಶ್ ತಂಡದಲ್ಲಿಲ್ಲವೆಂಬ ಸುದ್ದಿಯನ್ನು ರೋಸ್ ಎಂಟಿವಿಗೆ ಫ್ಯಾಕ್ಸ್ ಮಾಡಿ ತಿಳಿಸಿದರು. ಮರುವರ್ಷ ಬೇಸ್ ಗಿಟಾರ್ ವಾದಕ ಡಫ್ ಮೆಕೇಗನ್ ಹೊರನಡೆದರು, ಡ್ರಮ್ಮರ್ ಮ್ಯಾಟ್ ಸೋರಮ್ ಅವರನ್ನು ಕೆಲಸದಿಂದ ತೆಗೆಯಲಾಯಿತು. ಹೆಸರು ಮಾತ್ರ ರೋಸ್ ಅವರ ಬಳಿ ಉಳಿಯಿತು, ಹೆಸರು ಇದ್ದಮೇಲೆ ಹಾಡಿಗೇನು ಅವಸರ? 1999ರಲ್ಲಿ, ಬರಲಿರುವ ಆಲ್ಬಂನ ಶೀರ್ಷಿಕೆ ‘ಚೈನೀಸ್ ಡೆಮಾಕ್ರಸಿ’ ಎಂದು ಅವರು ಪ್ರಕಟಿಸಿದರು. ಅಭಿಮಾನಿಗಳು ಹರ್ಷಿಸಿದರು, ಏಕೆಂದರೆ ಆಲ್ಬಂಗೆ ಹೆಸರಿಟ್ಟಿದ್ದಾರೆಂದರೆ ಅದು ಹುಟ್ಟಿದೆ ಎಂದು ಅವರು ತಿಳಿದರು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವ ಪದ್ಧತಿ ಕ್ಯಾಲಿಫೋರ್ನಿಯಾದಲ್ಲೂ ಇದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಅದೇ ವರ್ಷ ರೋಸ್ ಇನ್ನೊಂದು ಸಂಗತಿಯನ್ನೂ ಹೇಳಿದರು: ಹೊಸ ವಾದಕರನ್ನು ಕೂಡಿಸಿಕೊಂಡು 1987ರ ಹಳೆಯ ಆಲ್ಬಂ ಅನ್ನು, ಒಂದೆರಡು ಹಾಡು ಬಿಟ್ಟು, ಪೂರ್ತಿಯಾಗಿ ಮತ್ತೊಮ್ಮೆ ರೆಕಾರ್ಡ್ ಮಾಡಿ ಮುಗಿಸಿದ್ದರಂತೆ. ಅಂದರೆ ಹೊಸದಕ್ಕಾಗಿ ಜಗತ್ತು ಬಾಯಿಬಿಟ್ಟುಕೊಂಡು ಕುಳಿತಿದ್ದಾಗ, ಆಗಲೇ ಮುಗಿದಿದ್ದ ಕೆಲಸವೊಂದು ಎರಡನೆಯ ಬಾರಿ ಮುಗಿಯುತ್ತಿತ್ತು.

ಸ್ಟುಡಿಯೊದ ಒಳಗಿನ ಕಥೆಯನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು, ಏಕೆಂದರೆ ಅಲ್ಲಿ ಯಾವುದೂ ಬೇಗ ನಡೆಯಲಿಲ್ಲ. ನಿರ್ಮಾಪಕರು ಒಬ್ಬರಾದ ಮೇಲೊಬ್ಬರು ಬಂದರು, ಹೋದರು. ಸ್ಲ್ಯಾಶ್ ಜಾಗಕ್ಕೆ ಬಂದವರಲ್ಲಿ ಒಬ್ಬರಾದ ಬಕೆಟ್‌ಹೆಡ್, ಮುಖಕ್ಕೆ ಬಿಳಿ ಮುಖವಾಡ ಧರಿಸಿ, ತಲೆಯ ಮೇಲೆ ಹುರಿದ ಕೋಳಿ ಮಾರುವ ಅಂಗಡಿಯ ಬಕೆಟ್ಟನ್ನು ಬೋರಲು ಹಾಕಿಕೊಂಡು ಗಿಟಾರ್ ನುಡಿಸುವ ಅಸಾಧಾರಣ ಪ್ರತಿಭಾವಂತ. ಅವರ ಮನಸ್ಸಿಗೆ ಹಿತವಾಗಲೆಂದು ಸ್ಟುಡಿಯೊದೊಳಗೆ ಹಲಗೆ ಮತ್ತು ತಂತಿಯ ಬಲೆಯಿಂದ ಒಂದು ಕೋಳಿಗೂಡನ್ನೇ ಕಟ್ಟಿಸಿಕೊಡಲಾಯಿತು. ಒಬ್ಬ ಡ್ರಮ್ಮರ್ ನುಡಿಸಿ ಹೋದದ್ದನ್ನು ಇನ್ನೊಬ್ಬ ಡ್ರಮ್ಮರ್ ಕೈಯಲ್ಲಿ ಪೆಟ್ಟಿಗೆ ಪೆಟ್ಟು ಹಾಗೆಯೇ ಮತ್ತೆ ನುಡಿಸಿಸಲಾಯಿತು. ನಮ್ಮ ಲೋಕೋಪಯೋಗಿ ಕಾಮಗಾರಿಗಳಲ್ಲೂ ಹಾಕಿದ ಡಾಂಬರನ್ನು ಕಿತ್ತು ಅದೇ ಡಾಂಬರು ಹಾಕುವುದುಂಟು, ಆದರೆ ಅಲ್ಲಿ ಗುತ್ತಿಗೆದಾರನಿಗೆ ಲಾಭವಾದರೂ ಆಗುತ್ತದೆ. ಇಲ್ಲಿ ಗೆಫೆನ್ ಎಂಬ ಧ್ವನಿಮುದ್ರಣ ಕಂಪನಿ ಹಣ ಸುರಿಯುತ್ತಾ ಹೋಯಿತು. 2005ರ ಮಾರ್ಚ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಈ ಯೋಜನೆಯ ಖರ್ಚು 1.3 ಕೋಟಿ ಡಾಲರ್ ಮುಟ್ಟಿದೆ ಎಂದು ಬರೆದಾಗ, ಇದು ಎಂದೂ ಬಾರದ ಆಲ್ಬಂಗಳಲ್ಲೇ ಅತಿ ದುಬಾರಿಯಾದದ್ದು ಎಂಬ ಬಿರುದೂ ಅದಕ್ಕೆ ಸಂದಿತು. ಬಿಡುಗಡೆಯಾಗದೆಯೇ ದಾಖಲೆ ಸ್ಥಾಪಿಸುವ ಭಾಗ್ಯ ಎಷ್ಟು ಆಲ್ಬಂಗಳಿಗಿದೆ?

ಈ ಹೊತ್ತಿನಲ್ಲಿ ಅಭಿಮಾನಿ ಏನು ಮಾಡುತ್ತಿದ್ದ? 1990ರ ದಶಕದಲ್ಲಿ ಬೆಂಗಳೂರು ಮತ್ತು ಸುತ್ತಲಿನ ಊರುಗಳ ಎಷ್ಟೋ ಮನೆಗಳ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿರುತ್ತಿತ್ತು. ರಾತ್ರಿ ಬಂದು ಬಾಗಿಲು ತಟ್ಟುವ ದೆವ್ವವು ಅದನ್ನು ಓದಿ, ಹೇಳಿದ ಮಾತಿಗೆ ಬೆಲೆ ಕೊಟ್ಟು ಹಿಂದಿರುಗಿ, ಮರುದಿನ ಬಂದು ಅದನ್ನೇ ಓದಿ ಮತ್ತೆ ಹಿಂದಿರುಗುತ್ತದೆ ಎಂಬುದು ನಂಬಿಕೆ. ಅಭಿಮಾನಿಯೂ ಆಕ್ಸೆಲ್ ರೋಸ್ ಅವರ ಬಾಗಿಲಿನಲ್ಲಿ ಇದೇ ನಿಷ್ಠೆಯಿಂದ ನಡೆದುಕೊಂಡ. ದೆವ್ವಕ್ಕಾದರೋ ಟಿಕೆಟ್ಟಿನ ಖರ್ಚಿರಲಿಲ್ಲ. 2002ರ ನವೆಂಬರ್‌ನಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ತಂಡದ ಪ್ರವಾಸ ಆರಂಭವಾಗಬೇಕಿತ್ತು; ಗಾಯಕರ ವಿಮಾನ ಬಂದಿಳಿಯದ ಕಾರಣ ಕಾರ್ಯಕ್ರಮ ರದ್ದಾಯಿತು, ಹೊರಗೆ ನಿಂತಿದ್ದವರು ಗಾಜು ಒಡೆದರು. ಡಿಸೆಂಬರ್‌ನಲ್ಲಿ ಫಿಲಡೆಲ್ಫಿಯಾದಲ್ಲಿ ಆರಂಭಿಕ ತಂಡಗಳು ಹಾಡಿ ಮುಗಿಸಿ, ಪ್ರೇಕ್ಷಕರು ಗಂಟೆಗಟ್ಟಲೆ ಕಾದು ಕುಳಿತ ಮೇಲೆ, ಇಂದು ಕಛೇರಿ ಇಲ್ಲವೆಂಬ ಘೋಷಣೆ ಬಂತು, ಅಲ್ಲಿ ಕುರ್ಚಿಗಳು ಹಾರಿದವು. ಉಳಿದ ಪ್ರವಾಸವೂ ಮಣ್ಣುಗೂಡಿತು. ಕುರ್ಚಿ ಎಸೆದವರು ಮನೆಗೆ ಹೋಗಿ ಸುಧಾರಿಸಿಕೊಂಡು, ಆಲ್ಬಂ ಬರುವ ವರ್ಷ ಬರುತ್ತದಂತೆ ಎಂದು ಒಬ್ಬರಿಗೊಬ್ಬರು ಧೈರ್ಯ ಹೇಳಿಕೊಂಡರು. 2006ರಲ್ಲಿ ಈ ವರ್ಷ ಖಂಡಿತ ಎಂಬ ಮಾತು ಬಂತು. ಆ ವರ್ಷದ ಡಿಸೆಂಬರ್‌ನಲ್ಲಿ ರೋಸ್ ಒಂದು ಬಹಿರಂಗ ಪತ್ರ ಬರೆದು, ಮ್ಯಾನೇಜರ್‌ಗೆ ವಿದಾಯ ಹೇಳಿರುವುದನ್ನೂ, 2007ರ ಮಾರ್ಚ್ 6 ಎಂಬ ತಾತ್ಕಾಲಿಕ ದಿನಾಂಕವನ್ನೂ ತಿಳಿಸಿದರು. ಮಾರ್ಚ್ 6 ಎಂದಿನಂತೆ ಬಂತು, ಎಂದಿನಂತೆ ಹೋಯಿತು. 1991ರಲ್ಲಿ ಎಸ್ಸೆಸ್ಸೆಲ್ಸಿ ಓದುತ್ತಾ ಕ್ಯಾಸೆಟ್ ಕೊಂಡಿದ್ದ ಹುಡುಗ, ಮಗನನ್ನು ಶಾಲೆಗೆ ಸೇರಿಸಲು ಸರತಿಯಲ್ಲಿ ನಿಲ್ಲುವ ವಯಸ್ಸಿಗೆ ಬಂದಿದ್ದ, ಕ್ಯಾಸೆಟ್ ಎಂಬ ವಸ್ತುವೇ ಅಂಗಡಿಯಿಂದ ಕಣ್ಮರೆಯಾಗಿತ್ತು.

ಗೆಫೆನ್ ಕಂಪನಿಯ ತಾಳ್ಮೆ ಅಭಿಮಾನಿಗಳದಕ್ಕಿಂತ ಮೊದಲೇ ಮುಗಿದಿತ್ತು. 2004ರಲ್ಲಿ ಅದು, ಇನ್ನು ಖರ್ಚು ನಿಮ್ಮದೇ ಎಂದು ರೋಸ್ ಅವರಿಗೆ ತಿಳಿಸಿ, ಹಳೆಯ ಜನಪ್ರಿಯ ಹಾಡುಗಳನ್ನೆಲ್ಲ ಒಟ್ಟುಗೂಡಿಸಿ ಒಂದು ಸಂಕಲನವನ್ನು ಬಿಡುಗಡೆ ಮಾಡಿತು. ವರ್ಷಗಟ್ಟಲೆ ಒಬ್ಬರ ಮುಖ ಒಬ್ಬರು ನೋಡದಿದ್ದ ರೋಸ್, ಸ್ಲ್ಯಾಶ್ ಮತ್ತು ಮೆಕೇಗನ್ ಅದನ್ನು ತಡೆಯಲೆಂದು ನ್ಯಾಯಾಲಯದಲ್ಲಿ ಒಂದೇ ಪಕ್ಷವಾಗಿ ನಿಂತರು. ಅಭಿಮಾನಿಗಳು ಎಂಟು ವರ್ಷಗಳಿಂದ ಬೇಡುತ್ತಿದ್ದ ಪುನರ್ಮಿಲನ ಹೀಗೆ ಒಂದು ಆಲ್ಬಂ ಬಾರದಂತೆ ಮಾಡುವ ಸಲುವಾಗಿ ನೆರವೇರಿತು. ಮೊಕದ್ದಮೆ ಸೋತಿತು, ಸಂಕಲನ ಭರ್ಜರಿಯಾಗಿ ಮಾರಾಟವಾಯಿತು. ಅದಕ್ಕೂ ಹಿಂದಿನ ವರ್ಷ ದ ಆಫ್‌ಸ್ಪ್ರಿಂಗ್ ಎಂಬ ಇನ್ನೊಂದು ತಂಡ, ಬಳಸದೆ ಬಿದ್ದಿರುವ ಹೆಸರು ವ್ಯರ್ಥವಾಗಬಾರದೆಂದು ತನ್ನ ಹೊಸ ಆಲ್ಬಂಗೆ ಅದೇ ಶೀರ್ಷಿಕೆಯನ್ನು ಕೊಂಚ ತಿರುಚಿ ಇಡುವುದಾಗಿ ತಮಾಷೆಗೆ ಸಾರಿದಾಗ, ರೋಸ್ ಅವರ ಕಡೆಯಿಂದ ವಕೀಲರ ನೋಟಿಸು ತಕ್ಷಣ ಹೋಯಿತಂತೆ. ಆ ಕಛೇರಿಯಿಂದ ತಕ್ಷಣ ಹೊರಬೀಳುವ ವಸ್ತು ಏನಾದರೂ ಇದ್ದರೆ ಅದು ನೋಟಿಸು ಮಾತ್ರ ಎಂಬುದು ಆಗ ಎಲ್ಲರಿಗೂ ಖಚಿತವಾಯಿತು. ಹಾಡುಗಳು ಹೊರಬರಲು ಕಳ್ಳದಾರಿಯನ್ನೇ ಹಿಡಿಯಬೇಕಿತ್ತು: 2003ರಲ್ಲಿ ಒಂದು ಹಾಡು ಬೇಸ್‌ಬಾಲ್ ಆಟಗಾರ ಮೈಕ್ ಪಿಯಾಜಾ ತಂದುಕೊಟ್ಟ ಸಿಡಿಯ ಮೂಲಕ ರೇಡಿಯೊದಲ್ಲಿ ಕೇಳಿಬಂತು. 2008ರ ಜೂನ್‌ನಲ್ಲಿ ಒಂಬತ್ತು ಹಾಡುಗಳನ್ನು ಅಂತರ್ಜಾಲಕ್ಕೆ ಏರಿಸಿದ ಯುವಕನೊಬ್ಬನನ್ನು ಎಫ್‌ಬಿಐ ಬಂಧಿಸಿತು, ಮುಂದೆ ಅವನಿಗೆ ಎರಡು ತಿಂಗಳ ಗೃಹಬಂಧನವೂ ಆಯಿತು. ಹದಿನೇಳು ವರ್ಷ ಕಾಯಿಸುವುದು ಯಾವ ಕಾನೂನಿನಲ್ಲೂ ಅಪರಾಧವಲ್ಲ, ಕಾಯುವಿಕೆಯನ್ನು ಐದು ತಿಂಗಳು ಮೊಟಕುಗೊಳಿಸುವುದು ಮಾತ್ರ ಅಪರಾಧ.

ಇಷ್ಟೆಲ್ಲದರ ನಡುವೆ ಈ ಆಲ್ಬಂಗೆ ಗಡುವು ವಿಧಿಸುವ ಧೈರ್ಯ ತೋರಿದ್ದು ಒಂದು ತಂಪು ಪಾನೀಯ. 2008ರ ಮಾರ್ಚ್‌ನಲ್ಲಿ ಡಾಕ್ಟರ್ ಪೆಪ್ಪರ್ ಕಂಪನಿ, ಆ ವರ್ಷ ಮುಗಿಯುವುದರೊಳಗೆ ‘ಚೈನೀಸ್ ಡೆಮಾಕ್ರಸಿ’ ಬಿಡುಗಡೆಯಾದರೆ ಅಮೆರಿಕದ ಪ್ರತಿಯೊಬ್ಬರಿಗೂ ಒಂದೊಂದು ಡಬ್ಬಿ ಪಾನೀಯವನ್ನು ಪುಕ್ಕಟೆ ಕೊಡುವುದಾಗಿಯೂ, ಸ್ಲ್ಯಾಶ್ ಮತ್ತು ಬಕೆಟ್‌ಹೆಡ್ ಇಬ್ಬರಿಗೆ ಮಾತ್ರ ಕೊಡುವುದಿಲ್ಲವೆಂದೂ ಸಾರಿತು. ಸುಮಾರು 30 ಕೋಟಿ ಜನರಿಗೆ ಡಬ್ಬಿ ಹಂಚುವ ಮಾತನ್ನು ಒಂದು ಕಂಪನಿ ನಿಶ್ಚಿಂತೆಯಿಂದ ಆಡಬಲ್ಲದಾದರೆ, ರೋಸ್ ಅವರ ಕಾರ್ಯದಕ್ಷತೆಯ ಮೇಲೆ ಅದಕ್ಕಿದ್ದ ನಂಬಿಕೆ ಎಂಥದೆಂದು ಬೇರೆ ಹೇಳಬೇಕಾಗಿಲ್ಲ. ಈ ಆಲ್ಬಂನ ಹಣೆಬರಹದ ಮೇಲೆ ಬಾಜಿ ಕಟ್ಟಿದವರಲ್ಲಿ ಮಾರುಕಟ್ಟೆಯ ಲೆಕ್ಕ ಬಲ್ಲವರು ಅವರೊಬ್ಬರೇ, ಸೋತವರೂ ಅವರೊಬ್ಬರೇ. ರೋಸ್ ಇದನ್ನು ಸೌಜನ್ಯದಿಂದ ಸ್ವೀಕರಿಸಿ, ಆಲ್ಬಂನಲ್ಲಿ ಬಕೆಟ್‌ಹೆಡ್ ನುಡಿಸಿದ ಭಾಗಗಳೂ ಇರುವುದರಿಂದ ತಮ್ಮ ಪಾಲಿನ ಡಬ್ಬಿಯನ್ನು ಅವರೊಡನೆ ಹಂಚಿಕೊಳ್ಳುವುದಾಗಿ ಹೇಳಿದರು. ನವೆಂಬರ್ 23ರಂದು ಆಲ್ಬಂ ನಿಜವಾಗಿಯೂ ಬಂದುಬಿಟ್ಟಿತು. ಕೂಪನ್ನಿಗಾಗಿ ಜನ ಮುಗಿಬಿದ್ದ ರಭಸಕ್ಕೆ ಪಾನೀಯ ಕಂಪನಿಯ ಜಾಲತಾಣ ನೆಲಕಚ್ಚಿತು. ಒಂದು ದಿನದ ಮಟ್ಟಿಗಿದ್ದ ಕೊಡುಗೆಯನ್ನು ಕೆಲವು ಗಂಟೆ ಮುಂದುವರಿಸಿದರೂ ಎಷ್ಟೋ ಮಂದಿಗೆ ಕೂಪನ್ ದಕ್ಕಲಿಲ್ಲ. ಆಗ ರೋಸ್ ಅವರ ವಕೀಲರು ಕಂಪನಿಗೆ ಪತ್ರ ಬರೆದು, ಅಭಿಮಾನಿಗಳನ್ನು ಹೀಗೆ ನಿರಾಶೆಗೊಳಿಸಿದ್ದು ಅಕ್ಷಮ್ಯವೆಂಬ ಧಾಟಿಯಲ್ಲಿ ಗದರಿ, ಪ್ರಮುಖ ಪತ್ರಿಕೆಗಳಲ್ಲಿ ಪೂರ್ಣಪುಟದ ಕ್ಷಮಾಪಣೆಯನ್ನು ಪ್ರಕಟಿಸಬೇಕೆಂದು ಒತ್ತಾಯಿಸಿದರು. ಹದಿನೇಳು ವರ್ಷದ ವಿಳಂಬಕ್ಕೆ ಯಾವ ಪತ್ರಿಕೆಯ ಯಾವ ಮೂಲೆಯಲ್ಲೂ ಕ್ಷಮೆ ಬೇಕಿರಲಿಲ್ಲ, ಒಂದು ದಿನದ ಸೋಡಾ ವಿಳಂಬಕ್ಕೆ ಪೂರ್ಣಪುಟವೇ ಬೇಕಾಯಿತು.

ಆಲ್ಬಂ ಹೇಗಿತ್ತು ಎಂಬ ಪ್ರಶ್ನೆ ಇಲ್ಲಿ ಅಷ್ಟು ಮುಖ್ಯವಲ್ಲ, ಆದರೂ ಹೇಳಿಬಿಡುತ್ತೇನೆ: ಕೆಟ್ಟದ್ದೇನಲ್ಲ. 14 ಹಾಡುಗಳಲ್ಲಿ ನಾಲ್ಕೈದು ಬಹಳ ಚೆನ್ನಾಗಿವೆ. ಉಳಿದವುಗಳಲ್ಲಿ ಬಂದುಹೋದ ಗಿಟಾರ್ ವಾದಕರೆಲ್ಲ ಒಬ್ಬರ ಹೆಗಲ ಮೇಲೊಬ್ಬರು ಹತ್ತಿ ನಿಂತಿರುವಂತೆ ಕೇಳಿಸುತ್ತದೆ. ಅಮೆರಿಕದ ಪಟ್ಟಿಯಲ್ಲಿ ಅದು 3ನೆಯ ಸ್ಥಾನಕ್ಕೆ ಬಂತು. ಮಾರಾಟದ ಹಕ್ಕನ್ನು ಪಡೆದ ಬೆಸ್ಟ್ ಬೈ ಮಳಿಗೆಗಳು ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳನ್ನು ಮುಂಗಡವಾಗಿ ಕೊಂಡು, ಕೊನೆಗೆ ಚಿಲ್ಲರೆ ಕಾಸಿಗೆ ಮಾರಿ ಕೈತೊಳೆದುಕೊಳ್ಳಬೇಕಾಯಿತು. ಚೀನಾದ ಸರ್ಕಾರಿ ಪತ್ರಿಕೆಯೊಂದು ಇದು ತನ್ನ ದೇಶದ ಮೇಲಿನ ದಾಳಿಯೆಂದು ಕಿಡಿಕಾರಿತು. ಅಲ್ಲಿನ ವಿದೇಶಾಂಗ ವಕ್ತಾರರು, ಈ ಬಗೆಯ ಸಂಗೀತದ ಗದ್ದಲ ಅನೇಕರಿಗೆ ಹಿಡಿಸುವುದಿಲ್ಲವೆಂದು ಚುಟುಕಾಗಿ ಹೇಳಿ ಮುಗಿಸಿದರು. ಕಾದವರ ಗೊಣಗು ಬೇರೆಯೇ ಆಗಿತ್ತು. ಬೇಗ ಕೊಡು ಎಂದು ಪೀಡಿಸುತ್ತಿದ್ದವರು ಇಷ್ಟು ಕಾಲ ತೆಗೆದುಕೊಂಡು ಇಷ್ಟೇನಾ ಎಂದರು, ಎಷ್ಟು ಕಾಲವಾದರೂ ಸರಿ ಎಂದಿದ್ದವರು ಸ್ಲ್ಯಾಶ್ ಇಲ್ಲದ್ದು ನಮ್ಮ ತಂಡವೇ ಅಲ್ಲ ಎಂದರು. ಅವರಿಗೆ ಬೇಕಾಗಿದ್ದದ್ದು 2008ರ ಆಲ್ಬಂ ಅಲ್ಲ, 1987 ಎಂಬ ಇಸವಿ. ಅದನ್ನು ಮಾತ್ರ ಯಾವ ಸ್ಟುಡಿಯೊದಲ್ಲೂ ಮತ್ತೆ ರೆಕಾರ್ಡ್ ಮಾಡಲಾಗುವುದಿಲ್ಲ, ರೋಸ್ ಅದನ್ನೂ ಒಮ್ಮೆ ಪ್ರಯತ್ನಿಸಿಯೇ ಬಿಟ್ಟಿದ್ದರೆಂಬುದು ಬೇರೆ ಮಾತು.

2012ರ ಡಿಸೆಂಬರ್‌ನಲ್ಲಿ ಈ ತಂಡ ಬೆಂಗಳೂರಿಗೂ ಬಂದು ಹಾಡಿತು, ಆಗಲೂ ಸ್ಲ್ಯಾಶ್ ಇರಲಿಲ್ಲ. ಅದೇ ವರ್ಷ ಹಳೆಯವರೆಲ್ಲ ಮತ್ತೆ ಒಂದಾಗುವಿರಾ ಎಂದು ಯಾರೋ ಕೇಳಿದ್ದಕ್ಕೆ ರೋಸ್, ಈ ಜನ್ಮದಲ್ಲಿ ಇಲ್ಲ ಎಂದಿದ್ದರು. 2016ರಲ್ಲಿ ಸ್ಲ್ಯಾಶ್ ಮತ್ತು ಮೆಕೇಗನ್ ಮರಳಿದರು, ಪ್ರವಾಸಕ್ಕೆ ಆ ಮಾತನ್ನೇ ಹೆಸರಾಗಿ ಇಡಲಾಯಿತು, 2019ರ ಹೊತ್ತಿಗೆ ಅದು 58 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ಗಣಿತ ಬಲ್ಲ ಯಾರಾದರೂ ಇದನ್ನು ಯೋಚಿಸಿ ನೋಡಲಿ. ಹೊಸ ಆಲ್ಬಂ ಮಾಡಿದರೆ 1.3 ಕೋಟಿ ಡಾಲರ್ ಹೋಗುತ್ತದೆ, ಬೈಗುಳ ಸಿಗುತ್ತದೆ. ಮಾಡದೆ ಮೂರು ಗಂಟೆ ಹಳೆಯ ಹಾಡು ಹಾಡಿದರೆ 58 ಕೋಟಿ ಬರುತ್ತದೆ, ಚಪ್ಪಾಳೆಯೂ ಸಿಗುತ್ತದೆ. ಈ ಲೆಕ್ಕ ತಂಡಕ್ಕೆ ತಿಳಿಯದ್ದೇನಲ್ಲ. 2021ರಲ್ಲಿ ಎರಡು, 2023ರಲ್ಲಿ ಎರಡು ಹಾಡುಗಳು ಹೊಸವೆಂಬ ಚೀಟಿ ಅಂಟಿಸಿಕೊಂಡು ಬಂದವು. ನಾಲ್ಕೂ ಆ ಹಳೆಯ ‘ಚೈನೀಸ್ ಡೆಮಾಕ್ರಸಿ’ ಉಗ್ರಾಣದಿಂದಲೇ ತೆಗೆದು ಒರೆಸಿದವು, ಒಂದನ್ನಂತೂ 2001ರ ಜನವರಿಯಲ್ಲೇ ವೇದಿಕೆಯ ಮೇಲೆ ಹಾಡಿಯಾಗಿತ್ತು. ಅಭಿಮಾನಿಗಳು ಅವನ್ನು ಇಪ್ಪತ್ತು ವರ್ಷ ಕದ್ದು ಕೇಳಿ ಬಾಯಿಪಾಠ ಮಾಡಿಕೊಂಡಿದ್ದರೂ, ಮೊದಲ ಸಲ ಕೇಳುತ್ತಿರುವವರಂತೆ ಕಣ್ಣರಳಿಸಿ ಕೊಂಡುಕೊಂಡರು. ಪೂರ್ಣ ಆಲ್ಬಂ ಎಂದು, ಎಂಬ ವಿಷಯದಲ್ಲಿ ಅವರದೇ ಆದ ಪಂಚಾಂಗಗಳಿವೆ. 1991ರಿಂದ 2008ಕ್ಕೆ 17 ವರ್ಷ, ಅದೇ ಅಂತರ ಹಿಡಿದರೆ ಮುಂದಿನದು 2025ಕ್ಕೆ ಬರಬೇಕೆಂದು ಒಂದು ಪಂಗಡ ಲೆಕ್ಕ ಹಾಕಿತ್ತು. ಆ ವರ್ಷದ ಮೇ ತಿಂಗಳಲ್ಲಿ ತಂಡ ಮುಂಬೈಗೆ ಬಂತು, ಆಲ್ಬಂ ಬರಲಿಲ್ಲ. ಎರವಲು ಹಾಡುಗಳ ಆಲ್ಬಂ ಅನ್ನೂ ಲೆಕ್ಕಕ್ಕೆ ಸೇರಿಸಿ 1993ರಿಂದ ಎಣಿಸುವ ಇನ್ನೊಂದು ಪಂಗಡದವರು 2023ರಲ್ಲೇ ನಿರಾಶರಾಗಿ ಮುಗಿಸಿದ್ದರಿಂದ, ಈ ವಿದ್ಯೆಯಲ್ಲಿ ತಾವು ಎರಡು ವರ್ಷ ಹಿರಿಯರೆಂದು ಈಗ ಮೀಸೆ ತಿರುವುತ್ತಿದ್ದಾರೆ.