ಇಪ್ಪತ್ತಕ್ಕೆ ದಂಡ, ಐವತ್ತಕ್ಕೆ ಸನ್ಮಾನ

20 ವರ್ಷ ದಾಟಿದ ಬೈಕಿನ ಆರ್‌ಸಿ ನವೀಕರಣಕ್ಕೆ 2,000 ರೂಪಾಯಿ. 2025ರ ಆಗಸ್ಟ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಹೊರಡಿಸಿದ ಈ ಫರ್ಮಾನನ್ನು ಗಾಂಧಿಬಜಾರಿನಿಂದ ಯಲಹಂಕದವರೆಗೆ ಎಲ್ಲರೂ ಓದಿ, ಬೈದು, ಬೈಟೂ ಕಾಫಿ ಕುಡಿದು ಎದ್ದಾಗಿದೆ. 2022ರ ಏಪ್ರಿಲ್‌ಗೆ ಮುಂಚೆ ಇದೇ ಕಾಗದಕ್ಕೆ ಇದೇ ಸೀಲು ಒತ್ತಿಸಿಕೊಳ್ಳಲು 300 ರೂಪಾಯಿ ಸಾಕಿತ್ತು. ಆಮೇಲೆ 1,000 ಆಯಿತು, ಈಗ ವಯಸ್ಸು ನೋಡಿ ಎರಡರಷ್ಟು. ವರ್ಷ ಕಳೆದಂತೆ ಗಾಡಿಯ ಬೆಲೆ ಇಳಿಯುತ್ತದೆ ಅನ್ನುವುದು ಗುಜರಿ ಅಂಗಡಿಯವನ ಮೂಢನಂಬಿಕೆ. ಹಳೇ ಗಾಡಿಗೆ ನಿಜವಾದ ಬೆಲೆ ಕಟ್ಟುವ ರಸಿಕರು ದೆಹಲಿಯಲ್ಲಿದ್ದಾರೆ.

ರಸಿಕತೆಗೆ ಇನ್ನೊಂದು ಸಾಕ್ಷಿ ಬೇಕಾದರೆ 2021ರ ವಿಂಟೇಜ್ ನಿಯಮ ನೋಡಿ. 50 ವರ್ಷ ದಾಟಿದ, ಮೂಲರೂಪ ಕೆಡದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಿಕೊಳ್ಳಬಹುದು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷದ ಮಾನ್ಯತೆ, ‘ವಿಎ’ ಅಕ್ಷರ ಸೇರಿದ ಗೌರವದ ನಂಬರು. ದಿನಬಳಕೆಗೆ ಮಾತ್ರ ರಸ್ತೆಗೆ ಇಳಿಸುವಂತಿಲ್ಲ. ಅಂದರೆ 20ರಿಂದ 50ರವರೆಗೆ ಗಾಡಿ ಆರೋಪಿ; ಐವತ್ತು ತುಂಬಿದ ಮರುದಿನ ಶಾಲು, ಹಾರ, ಹಣ್ಣಿನ ಬುಟ್ಟಿ. ಸನ್ಮಾನ ಮುಗಿದ ಮೇಲೆ ಹಿರಿಯರು ಬಾಯಿ ಮುಚ್ಚಿಕೊಂಡು ಮೂಲೆಯಲ್ಲಿ ಕೂರಬೇಕು ಅನ್ನುವ ನಮ್ಮ ಸಂಪ್ರದಾಯವನ್ನು ಮೋಟರ್ ವಾಹನ ನಿಯಮದೊಳಗೂ ಸೇರಿಸಿದವರಿಗೆ ಒಂದು ರಾಜ್ಯೋತ್ಸವ ಪ್ರಶಸ್ತಿ ಬಾಕಿಯಿದೆ.

ಹಳೇ ಗಾಡಿ ಹೊಗೆ ಉಗುಳುತ್ತದಲ್ಲ ಅನ್ನುವವರಿಗೆ: ಹೌದು, ಉಗುಳುತ್ತದೆ. ಯೆಜ್ಡಿ, ಆರ್‌ಎಕ್ಸ್ 100 ಥರದ ಹಳೇ ಬೈಕುಗಳ ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಸುಟ್ಟ ಹೊಗೆ ಹೊರಗೆ ಹೋಗುವ ಹೊತ್ತಿಗೇ ಹೊಸ ಪೆಟ್ರೋಲು ಒಳಗೆ ಬರುತ್ತದೆ, ಅದರಲ್ಲಿ ಒಂದಿಷ್ಟು ಸುಡದೆಯೇ ಸೈಲೆನ್ಸರ್ ದಾರಿ ಹಿಡಿಯುತ್ತದೆ. ಅದು ಹುಟ್ಟುಗುಣ, ಯಾವ ಮೆಕ್ಯಾನಿಕ್ಕೂ ಬಿಡಿಸಲಾರ. ಆದರೆ ಅದನ್ನು ಅಳೆಯುವ ಯಂತ್ರ ಸರ್ಕಾರದ ಬಳಿಯೇ ಇದೆ, ಅದರ ಮಿತಿಯೂ ಇದೆ: 2000ದ ಮಾರ್ಚ್ 31ರೊಳಗೆ ತಯಾರಾದ ಬೈಕಿಗೆ ಐಡಲ್‌ನಲ್ಲಿ, ಅಂದರೆ ನಿಂತಲ್ಲೇ ಎಂಜಿನ್ ಓಡುವಾಗ, ಕಾರ್ಬನ್ ಮಾನಾಕ್ಸೈಡ್ ಶೇ 4.5, ಹೈಡ್ರೋಕಾರ್ಬನ್ 9,000 ಪಿಪಿಎಂ. ಪೆಟ್ರೋಲ್ ಬಂಕಿನ ಪಕ್ಕದ ಎಮಿಷನ್ ವ್ಯಾನಿನಲ್ಲಿ ಕೊಳವೆ ತೂರಿಸಿ ಪಾಸು ಮಾಡಿಸಿಕೊಂಡ ಬೈಕೂ ಅದೇ 2,000 ಕಟ್ಟಬೇಕು. ಹೊಗೆ ಎಷ್ಟೆಂದು ಯಂತ್ರ ಹೇಳಿದರೂ ಇಲಾಖೆ ನೋಡುವುದು ಜಾತಕ.

ನಿಜಕ್ಕೂ ಹೊಗೆ ಕಡಿಮೆ ಮಾಡಬೇಕೆಂದಿದ್ದರೆ ನೋಡಬೇಕಾದ ಜಾಗ ಬೇರೆ. ಹಳೇ ಯೆಜ್ಡಿಗೆ ಲೀಟರ್ ಪೆಟ್ರೋಲಿಗೆ 40 ಎಂಎಲ್ 2ಟಿ ಆಯಿಲ್, ಐದು ಲೀಟರಿಗೆ 200. ‘ಇರಲಿ ಸಾರ್, ಎಂಜಿನ್‌ಗೆ ಒಳ್ಳೇದು’ ಅಂತ ಇನ್ನೊಂದು ಮುಚ್ಚಳ ಸುರಿದರೆ ಹಿಂದಿನವನಿಗೆ ಸೊಳ್ಳೆ ಓಡಿಸುವ ಗಾಡಿ ಬಂದಂತೆ ಕಾಣುತ್ತದೆ. ಅಳತೆ ಸರಿಯಿದ್ದೂ ನೀಲಿ ಹೊಗೆ ನಿಲ್ಲದಿದ್ದರೆ ಗೇರ್ ಆಯಿಲ್ ಮಟ್ಟ ನೋಡಿ. ಸೋರಿಕೆ ಇಲ್ಲದೆಯೂ ಇಳಿಯುತ್ತಿದ್ದರೆ ಎಂಜಿನ್ನಿನ ಕ್ರ್ಯಾಂಕ್ ದಂಡಕ್ಕೆ ಕ್ಲಚ್ ಬದಿಯಲ್ಲಿರುವ ಆಯಿಲ್ ಸೀಲ್ ಹೋಗಿದೆ, ಎಂಜಿನ್ನು ಗೇರ್ ಆಯಿಲನ್ನೇ ಹೀರಿ ಸುಡುತ್ತಿದೆ ಎಂದರ್ಥ. ಮ್ಯಾಗ್ನೆಟ್ ಬದಿಯ ಸೀಲ್ ಹೋದರೆ ಕಥೆ ಉಲ್ಟಾ: ಹೊಗೆ ಇರುವುದಿಲ್ಲ, ಗಾಳಿ ಒಳನುಗ್ಗಿ ಐಡಲ್ ತಾನಾಗಿಯೇ ಏರುತ್ತದೆ, ಮಿಶ್ರಣ ತೆಳ್ಳಗಾಗಿ ಪಿಸ್ಟನ್ ಕಾದು ಹಿಡಿದುಕೊಳ್ಳುತ್ತದೆ. ಆಮೇಲೆ ಬೋರು, ಅಂದರೆ ಸವೆದ ಸಿಲಿಂಡರನ್ನು ಕೊರೆದು ಅಗಲಿಸುವುದು. ಪಿಸ್ಟನ್ ಕಾಲು ಮಿಲಿಮೀಟರಿನ ಲೆಕ್ಕದಲ್ಲಿ ದೊಡ್ಡದಾಗುತ್ತ ಹೋಗುತ್ತದೆ: 0.25, 0.50, 0.75, 1.00. ಅಲ್ಲಿಗೆ ಬ್ಲಾಕು ಮುಗಿಯಿತು, ಇನ್ನು ಲೇತ್ ಅಂಗಡಿಯಲ್ಲಿ ಹೊಸ ಸ್ಲೀವ್.

ಬೋರು ಅಂದಾಗ ನಮ್ಮ ಪಾಲಿಕೆ ನೆನಪಾಗುತ್ತದೆ. 2025ರ ಸೆಪ್ಟೆಂಬರ್ 2ಕ್ಕೆ ಬಿಬಿಎಂಪಿ ಹೋಯಿತು, ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು, ಒಂದಿದ್ದ ಪಾಲಿಕೆ ಐದಾಯಿತು. ಬೋರು ಮಾಡಿಸಬೇಕಿದ್ದ ಎಂಜಿನ್ನಿಗೆ ಬೋರ್ಡು ಬದಲಾಯಿಸಿ ರಸ್ತೆಗೆ ಬಿಟ್ಟರು. ಇದಕ್ಕೆ ನವೀಕರಣ ಶುಲ್ಕ ಎಷ್ಟು, ಎಮಿಷನ್ ಟೆಸ್ಟ್ ಎಲ್ಲಿ ಅಂತ ಯಾರೂ ಕೇಳಲಿಲ್ಲ.

ಆ ಎಂಜಿನ್ನು ಓಡುತ್ತಿರುವ ರೀತಿ ಹಳೇ ಬೈಕಿನ ಹ್ಯಾಂಡಲ್ಲಿಗೆ ಮೊದಲು ಗೊತ್ತಾಗುತ್ತದೆ. ಗುಂಡಿಗೆ ಬಿದ್ದಾಗಲೆಲ್ಲ ಕೋನ್ ಸೆಟ್ಟಿನ, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗಿನ, ಗುಂಡುಗಳು ತಾವು ಕೂತಲ್ಲೇ ಕುಳಿ ಕೊರೆಯುತ್ತವೆ. ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ನಿಧಾನವಾಗಿ ತಿರುಗಿಸಿ. ನೇರಕ್ಕೆ ಬಂದಾಗ ಟಕ್ ಅಂತ ಹಿಡಿದರೆ ಕೋನ್ ಸೆಟ್ ಮುಗಿದಿದೆ, ಬಿಗಿ ಮಾಡಿ ಪ್ರಯೋಜನವಿಲ್ಲ. ಇದರ ಹಿಂದೆಯೇ ಫೋರ್ಕ್ ಆಯಿಲ್ ಸೀಲ್ ಸೋರುತ್ತದೆ, ಸ್ಪೋಕು ಮುರಿಯುತ್ತದೆ, ರಿಮ್ಮು ಔಟ್ ಬರುತ್ತದೆ. ಇಷ್ಟನ್ನೂ ಮಾಲೀಕನ ಶೋಕಿಯ ಖರ್ಚು ಅಂತ ಬರೆದುಕೊಳ್ಳುತ್ತಾರೆ. ಇದು ಶೋಕಿಯ ಖರ್ಚಲ್ಲ. ರಸ್ತೆಯ ಖರ್ಚು. ಆಜೀವ ತೆರಿಗೆ ಕಟ್ಟಿ, ಹಸಿರು ತೆರಿಗೆ ಕಟ್ಟಿ, ಪ್ರತಿ ಲೀಟರಿನಲ್ಲೂ ಮತ್ತೆ ತೆರಿಗೆ ಕಟ್ಟಿದವನು ಗುಂಡಿ ತಪ್ಪಿಸಲು ಹೋಗಿ ಲಾರಿಯ ಹಿಂಚಕ್ರಕ್ಕೆ ಸಿಕ್ಕರೆ ಎಫ್‌ಐಆರ್‌ನಲ್ಲಿ ಲಾರಿ ಡ್ರೈವರನ ಹೆಸರಿರುತ್ತದೆ. ಗುಂಡಿ ಮುಚ್ಚಬೇಕಿದ್ದವನ ಹೆಸರು ಇರುವುದಿಲ್ಲ. ಇದರಲ್ಲಿ ವಿಡಂಬನೆ ಮಾಡಲು ಏನೂ ಉಳಿದಿಲ್ಲ.

ಇನ್ನು ಪೆಟ್ರೋಲು. ಈಗ ಬಂಕಿನಲ್ಲಿ ಸಿಗುವುದು ಶೇ 20 ಎಥೆನಾಲ್ ಬೆರೆತದ್ದು. 2030ಕ್ಕೆಂದು ಇಟ್ಟ ಗುರಿಯನ್ನು ಐದು ವರ್ಷ ಮೊದಲೇ ಮುಟ್ಟಿದರು. ಈ ದೇಶದಲ್ಲಿ ಹೇಳಿದ್ದಕ್ಕಿಂತ ಮುಂಚೆ ಮುಗಿದ ಕೆಲಸ ಇದೊಂದಾದರೂ ಇದೆಯಲ್ಲ ಅಂತ ಹೆಮ್ಮೆಪಡೋಣ. ಹಳೇ ದ್ವಿಚಕ್ರ ವಾಹನಗಳ ಮೈಲೇಜು ಶೇ 3ರಿಂದ 4 ಇಳಿಯುತ್ತದೆ ಎಂದು ನೀತಿ ಆಯೋಗದ 2021ರ ವರದಿಯೇ ಅಂದಾಜು ಮಾಡಿತ್ತು. ಕಾರ್ಬೋರೇಟರಿಗೆ ಮೆದುಳಿಲ್ಲ, ಬಂದ ಪೆಟ್ರೋಲಿಗೆ ತಕ್ಕಂತೆ ತಾನೇ ಹೊಂದಿಕೊಳ್ಳಲಾರದೆ ಮಿಶ್ರಣ ತೆಳ್ಳಗಾಗುತ್ತದೆ. ಹಾಗಾಗಿ ಪೆಟ್ರೋಲು ಹಾಯುವ ತೂತಿನ ಮೇನ್ ಜೆಟ್ ಒಂದು ಸೈಜು ದೊಡ್ಡದು ಹಾಕಿ, ಒಂದು ಸುತ್ತು ಓಡಿಸಿ, ಪ್ಲಗ್ ಬಿಚ್ಚಿ ನೋಡಬೇಕು. ಹಾಲು ಹೆಚ್ಚಾದ ಕಾಫಿಯ ಬಣ್ಣ ಇದ್ದರೆ ಸರಿ, ಬೆಳ್ಳಗಿದ್ದರೆ ಇನ್ನೂ ತೆಳು, ಕಪ್ಪಾಗಿ ಒದ್ದೆಯಿದ್ದರೆ ಅತಿಯಾಯಿತು. ಎಥೆನಾಲ್ ನೀರು ಹೀರುತ್ತದೆ; ಹಳೇ ರಬ್ಬರು ಪೈಪು, ಫ್ಲೋಟ್ ಪಿನ್ನಿನ ತುದಿ ಅದಕ್ಕೆ ಉಬ್ಬುತ್ತವೆ. ಎರಡು ವಾರಕ್ಕಿಂತ ಹೆಚ್ಚು ನಿಲ್ಲಿಸುವುದಿದ್ದರೆ ಟ್ಯಾಪು ಮುಚ್ಚಿ, ಫ್ಲೋಟ್ ಬೌಲು ಖಾಲಿಯಾಗುವವರೆಗೆ ಎಂಜಿನ್ ಓಡಿಸಿ ನಿಲ್ಲಿಸಿ. ಇಲ್ಲದಿದ್ದರೆ ಜೆಟ್ಟಿನ ತೂತಿನಲ್ಲಿ ಬಿಳಿ ಪೇಸ್ಟು ಕಟ್ಟಿಕೊಂಡು, ಕಿಕ್ಕರ್ ಹೊಡೆದು ಹೊಡೆದು ಮೊಣಕಾಲು ಹೋಗುತ್ತದೆ.

ಎಲ್ಲಕ್ಕೂ ಪರಿಹಾರ ಬೆಂಗಳೂರಿನ ಬಿಡಿಭಾಗಗಳ ಪೇಟೆ ಜೆ.ಸಿ. ರೋಡಿನಲ್ಲಿದೆ. ಈ ನಗರದ ಭಾಷಾಶಾಸ್ತ್ರ ಕಲಿಯಬೇಕಾದವರು ಅಲ್ಲಿಗೇ ಹೋಗಬೇಕು. ‘ಒರಿಜಿನಲ್’ ಅಂದರೆ ಒರಿಜಿನಲ್ ಅಲ್ಲ. ‘ಪಕ್ಕಾ ಒರಿಜಿನಲ್’ ಅಂದರೆ ಡಬ್ಬ ಮಾತ್ರ ಒರಿಜಿನಲ್. ‘ಕಂಪನಿದೇ ಸಾರ್’ ಅಂದರೆ ಯಾವ ಕಂಪನಿ ಎಂದು ಕೇಳಬಾರದು. ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಗೆ ಬಾಗಿಲು ಬಿದ್ದದ್ದು 1996ರಲ್ಲಿ, ಅಲ್ಲಿಂದ ಇಲ್ಲಿಗೆ ‘ಹಳೇ ಸ್ಟಾಕು’ ಇನ್ನೂ ಮುಗಿದಿಲ್ಲ. ಯಾರೂ ಸುಳ್ಳು ಹೇಳುವುದಿಲ್ಲ, ಪದಗಳ ಅರ್ಥ ಮಾತ್ರ ಸ್ವಲ್ಪ ಸವೆದಿರುತ್ತದೆ. ಮಾದರಿಗೆ ಹಳೇ ಪಾರ್ಟನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಬೇಕು. ಆಯಿಲ್ ಸೀಲಿನ ಮೇಲೆ ಒಳವ್ಯಾಸ, ಹೊರವ್ಯಾಸ, ದಪ್ಪ ಮೂರೂ ಅಚ್ಚಾಗಿರುತ್ತವೆ. ಅವು ಹೊಂದಿದರೆ ಬೈಕಿನ ಹೆಸರು ಹೇಳುವ ಅಗತ್ಯವೇ ಇಲ್ಲ, ಬೇರಿಂಗ್ ಅಂಗಡಿಯಲ್ಲೂ ಸಿಗುತ್ತದೆ. ಬೈಕಿನ ಹೆಸರು ಹೇಳಿದ ಕೂಡಲೇ ಬೆಲೆಗೆ ಭಾವನೆ ಸೇರಿಕೊಳ್ಳುತ್ತದೆ. ಆರ್‌ಎಕ್ಸ್ 100 ಅಂದರಂತೂ ಎದುರಿನವನ ಕಣ್ಣಲ್ಲಿ ನೀರು ಬರುತ್ತದೆ, ರೇಟೂ ಏರುತ್ತದೆ.

ಸುಖ ಎಲ್ಲಿದೆ ಹಾಗಾದರೆ? ಹೇಳಲು ಜಾಸ್ತಿ ಏನಿಲ್ಲ. ಒಂದು ಸ್ಪ್ಯಾನರ್ ಸೆಟ್ಟು, ಸಂದು ಅಳೆಯುವ ಫೀಲರ್ ಗೇಜು, ಎಮರಿ ಕಾಗದದ ಚೂರು ಇದ್ದರೆ ಪ್ಲಗ್ಗಿನ ಕಿಡಿಯ ಹೊತ್ತು ನಿಗದಿ ಮಾಡುವ ಪಾಯಿಂಟ್ ಸೆಟ್ಟು ಉಜ್ಜಿ 0.4 ಮಿಲಿಮೀಟರ್ ಸಂದಿಗೆ ಕೂರಿಸಬಹುದು, ಲ್ಯಾಪ್‌ಟಾಪ್ ಬೇಕಿಲ್ಲ. ಡಿಸೆಂಬರಿನ ಬೆಳಿಗ್ಗೆ ಬಸವನಗುಡಿಯ ಯಾವುದೋ ಅಡ್ಡರಸ್ತೆಯಲ್ಲಿ ಚೋಕು ಎಳೆದು ಎರಡನೇ ಕಿಕ್ಕಿಗೆ ಎಂಜಿನ್ ಎದ್ದು, ಚೋಕು ಬಿಟ್ಟ ಮೇಲೆ ಒಂದೇ ಲಯದಲ್ಲಿ ನಿಂತುಕೊಂಡರೆ ಪಕ್ಕದ ಮನೆಯ ತಾತ ಪೇಪರ್ ಕೆಳಗಿಟ್ಟು ಗೇಟಿನ ತನಕ ಬರುತ್ತಾರೆ. ಆಯುಧ ಪೂಜೆಯ ದಿನ ಟಯರಿನ ಕೆಳಗೆ ನಿಂಬೆಹಣ್ಣು ಇಡುವಾಗ ಯಾವ ಗಾಡಿಗೆ ಮೊದಲು ಇಡುತ್ತಾರೆ ನೋಡಿ.

ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿಗೆ ಮಾತ್ರ ಇದನ್ನು ತೆಗೆದುಕೊಂಡು ಹೋಗಬೇಡಿ. ಏರ್-ಕೂಲ್ಡ್ ಎಂಜಿನ್ನಿಗೆ ಗಾಳಿ ಬೇಕು, ಗಾಳಿ ಸಿಗಲು ಗಾಡಿ ಓಡಬೇಕು.

ಆರ್‌ಟಿಓಗೆ ಹೋಗುವವರು ಒಂದಿಷ್ಟು ತಯಾರಿ ಮಾಡಿಕೊಳ್ಳಿ. ನವೀಕರಣಕ್ಕೆ ಫಾರಂ 25, ಅವಧಿ ಮುಗಿಯುವ ಮುಂಚಿನ 60 ದಿನದೊಳಗೆ ಅರ್ಜಿ. ತಡವಾದರೆ ಬೈಕಿಗೆ ತಿಂಗಳಿಗೆ 300 ರೂಪಾಯಿ. ಇನ್ಶೂರೆನ್ಸು, ಎಮಿಷನ್ ಎರಡೂ ಚಾಲ್ತಿಯಲ್ಲಿರಬೇಕು. ಚಾಸಿ ನಂಬರಿನ ಮೇಲಿನ ಗ್ರೀಸು, ಕೊಳೆಯನ್ನು ಸೀಮೆಎಣ್ಣೆಯಲ್ಲಿ ಹಿಂದಿನ ದಿನವೇ ಒರೆಸಿಟ್ಟುಕೊಳ್ಳಿ, ಪೆನ್ಸಿಲ್ ಪ್ರಿಂಟು ಸ್ಪಷ್ಟವಾಗಿ ಬರದಿದ್ದರೆ ಅಷ್ಟಕ್ಕೇ ವಾಪಸ್ಸು. ಎಚ್‌ಎಸ್‌ಆರ್‌ಪಿ, ಅಂದರೆ ಹೈ ಸೆಕ್ಯುರಿಟಿ ನಂಬರ್ ಪ್ಲೇಟೂ ಕೇಳಬಹುದು. ಹೌದು, ಅದೇ, 2023ರ ನವೆಂಬರ್ 17 ಕೊನೇ ದಿನ ಅಂತ ಹೇಳಿ ಆಮೇಲೆ ಧಾರಾವಾಹಿಯಂತೆ ಮುಂದಕ್ಕೆ ಹೋದದ್ದು. ಬೈಕಿನ ಮುಂಭಾಗದ ಪ್ಲೇಟು 285 ಗುಣಿಸು 45 ಮಿಲಿಮೀಟರ್. ಹಳೇ ಮಡ್‌ಗಾರ್ಡಿನ ಮೇಲಿನ ಬಾಗಿದ ಪ್ಲೇಟಿನ ಜಾಗದಲ್ಲಿ ಕೂರುವುದಿಲ್ಲ, ಮೊದಲೇ ಒಂದು ಕ್ಲ್ಯಾಂಪು ಮಾಡಿಸಿಕೊಳ್ಳಿ. ಹಳೇ ಕೈಬರಹದ ಆರ್‌ಸಿ ಪುಸ್ತಕವಾದರೆ ವಿವರ ಕಂಪ್ಯೂಟರಿಗೆ ಏರಿದೆಯೇ ಅಂತ ಮೊದಲು ಕೇಳಿ, ಏರದೆ ಫೀಸು ಕಟ್ಟಲಾಗದು.

ಇನ್‌ಸ್ಪೆಕ್ಟರ್ ಸಾಹೇಬರು ಸ್ಟಾರ್ಟ್ ಮಾಡಿ ಅನ್ನುತ್ತಾರೆ. ಯೆಜ್ಡಿಯಲ್ಲಿ ಕಿಕ್ಕರೂ ಗೇರ್ ಲಿವರೂ ಒಂದೇ. ಒಳಕ್ಕೆ ಒತ್ತಿ, ಮೇಲಕ್ಕೆ ತಿರುಗಿಸಿ, ಒದೆಯಬೇಕು. ಒಂದೇ ಏಟಿಗೆ ಎದ್ದು ನಿಲ್ಲುತ್ತದೆ. ಅಷ್ಟರಲ್ಲಿ ಒಳಗಿನಿಂದ ಯಾರೋ ಕೂಗುತ್ತಾರೆ, ಸರ್ವರ್ ಡೌನ್ ಸಾರ್, ನಾಳೆ ಬನ್ನಿ. ಸರ್ವರಿಗೆ ಕಿಕ್ಕರ್ ಕೊಟ್ಟಿಲ್ಲ.