32 ಗುಂಡಿ, ಒಂದು ಗಂಟೆ

ನಮ್ಮ ಕಡೆ ಕಪ್ಪು ಬಿಳಿ ಕೀ ಇದ್ದು ಕರೆಂಟಿನಲ್ಲಿ ನಡೆಯುವ ಪೆಟ್ಟಿಗೆ ಯಾವುದೇ ಇರಲಿ, ಅದರ ಹೆಸರು ಕ್ಯಾಸಿಯೋ. ಗಲ್ಫಿನಿಂದ ಬಂದು ಬದಿಯಡ್ಕದಲ್ಲಿ ನೆಲೆಸಿದ ಸೋದರಮಾವ ಅಟ್ಟ ಖಾಲಿ ಮಾಡುವಾಗ ನನಗೆ ಕೊಟ್ಟದ್ದು ಯಮಹಾ ಡಿಎಕ್ಸ್7 ಎಂಬ ಸಿಂಥಸೈಜರ್, ಅಂದರೆ ನಾದವನ್ನೂ ನಾವೇ ಕಟ್ಟಬಹುದಾದ ಕೀಬೋರ್ಡು. ಅಡಿಕೆ ಮರದ ಸಂಕ ದಾಟಿ ನಮ್ಮ ಮನೆಯ ಅಂಗಳ ಸೇರುವಷ್ಟರಲ್ಲಿ ಅದೂ ಕ್ಯಾಸಿಯೋ ಆಗಿಬಿಟ್ಟಿತ್ತು. 14 ಕಿಲೋ ಭಾರ. ಸಂಕದ ನಡುವೆ ಬಂದಾಗ ನಾನು ತೋಡಿಗೆ ಬೀಳಬೇಕಾ, ಅದು ಬೀಳಬೇಕಾ ಎಂದು ಒಂದು ಕ್ಷಣ ಯೋಚಿಸಿದ್ದೂ ಉಂಟು.

ಅಜ್ಜಿ ಸುತ್ತ ಒಂದು ಪ್ರದಕ್ಷಿಣೆ ಬಂದರು.

"ಇದರಲ್ಲಿ ತಾಳ ಬರ್ತದಾ ಮಗಾ?"

"ಇಲ್ಲ ಅಜ್ಜಿ."

"ಹಾಡು?"

"ನಾವೇ ನುಡಿಸಬೇಕು."

"ಸದ್ದು ಎಲ್ಲಿಂದ ಬರುವುದು?"

"ಸ್ಪೀಕರ್ ಬೇರೆ ಹಾಕಬೇಕು."

"ಮತ್ತೆ ಇಷ್ಟು ದೊಡ್ಡದು ಎಂತಕ್ಕೆ?"

ಉತ್ತರ ನನ್ನ ಹತ್ತಿರವೂ ಇರಲಿಲ್ಲ. ಭಜನಾ ಮಂದಿರದ ಹಳೆಯ ಆಂಪ್ಲಿಫೈಯರ್ ಕೇಳಿ ತಂದೆ.

ಈ ಯಂತ್ರ ಹೊರಬಂದದ್ದು 1983ರಲ್ಲಿ. ತಿರುಗಿಸಲಿಕ್ಕೆ ಸಾಲು ಸಾಲು ತಿರುಪು ಇರುತ್ತದೆ ಎಂದುಕೊಂಡಿದ್ದೆ. ಇಲ್ಲಿ ಇರುವುದು ಒತ್ತಿದ್ದೇ ಗೊತ್ತಾಗದಂಥ ಚಪ್ಪಟೆ ಗುಂಡಿಗಳು, ಅಂಕಿ ಏರಿಸಿ ಇಳಿಸಲು ಒಂದೇ ಒಂದು ಜಾರುಕಡ್ಡಿ, ಎರಡು ಸಾಲಿನ ಪುಟ್ಟ ಪರದೆ. ಸಾಲಿಗೆ 16 ಅಕ್ಷರ, ಮುಗಿಯಿತು.

ಮುಖ್ಯವಾದ ಗುಂಡಿಗಳು 32. ಒಂದೊಂದಕ್ಕೂ ಮೂರು ನಾಲ್ಕು ಕೆಲಸ. ಸುಮ್ನೆ ನುಡಿಸುವಾಗ 7 ಒತ್ತಿದರೆ 7ನೇ ನಾದ ಬರುತ್ತದೆ. ಎಡಿಟ್ ಮೋಡ್‌ನಲ್ಲಿ ಅದೇ 7 ಆಲ್ಗೊರಿದಂ. ಫಂಕ್ಷನ್ ಮೋಡ್‌ನಲ್ಲಿ ಮತ್ತೇನೋ. ನಾದಕ್ಕೆ ಹೆಸರು ಬರೆಯುವಾಗ ಅದೇ ಗುಂಡಿ ಒಂದು ಅಕ್ಷರವೋ ಅಂಕಿಯೋ. ಕಾಸರಗೋಡಿನವನಿಗೆ ಇದೇನು ಹೊಸತಲ್ಲ. ಮನೆಯಲ್ಲಿ ಹವ್ಯಕ, ಅಂಗಡಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ. 1956ರಲ್ಲಿ ಗಡಿಗೆರೆ ಎಳೆದಲ್ಲಿಂದ ನಾವು ಮೋಡ್ ಬದಲಿಸುತ್ತಲೇ ಇದ್ದೇವೆ. ಆದರೆ ನಮಗೆ ಎದುರಿನವರ ಮುಖ ನೋಡಿದರೆ ಯಾವ ಮೋಡ್ ಎಂದು ಗೊತ್ತಾಗುತ್ತದೆ. ಇಲ್ಲಿ ಮುಖವೆಂದರೆ ಆ ಎರಡು ಸಾಲು. ನಾನು ಅದನ್ನು ನೋಡುವ ಮೊದಲೇ ಒತ್ತಿಯಾಗಿರುತ್ತಿತ್ತು.

ಜಾರುಕಡ್ಡಿಯ ಸ್ವಭಾವ ಇನ್ನೂ ವಿಚಿತ್ರ. ಕೊನೆಗೆ ಯಾವ ವಿಷಯ ಮುಟ್ಟಿದ್ದೆವೋ ಅದಕ್ಕೇ ಅಂಟಿಕೊಂಡಿರುತ್ತದೆ. ನಾನು ಕೊನೆಗೆ ಮುಟ್ಟಿದ್ದು ಮಾಸ್ಟರ್ ಟ್ಯೂನ್, ಅಂದರೆ ಇಡೀ ವಾದ್ಯದ ಶ್ರುತಿ. ಹಾಗೆಯೇ ಹೊತ್ತುಕೊಂಡು ಶುಕ್ರವಾರದ ಭಜನೆಗೆ ಹೋದೆ. ಎರಡನೇ ಹಾಡಿನಲ್ಲಿ ಶಾಲು ಸರಿಮಾಡುವಾಗ ಮೊಣಕೈ ಕಡ್ಡಿಗೆ ತಾಗಿತು. ಶ್ರುತಿ ಮೆಲ್ಲಗೆ ಮೇಲೆ ಹತ್ತಿತು. ಹಾರ್ಮೋನಿಯಂ ನುಡಿಸುತ್ತಿದ್ದ ಮಾಸ್ಟ್ರು ಅರ್ಧ ಭಜನೆ ತಮ್ಮ ಹಾರ್ಮೋನಿಯಂನ ತಿದಿಯನ್ನೇ ತಿರುಗಿಸಿ ಮುರುಗಿಸಿ ನೋಡಿದರು. ನಾನು ಕಣ್ಣು ಮುಚ್ಚಿ ಭಕ್ತಿಯಿಂದ ತಲೆ ಆಡಿಸುತ್ತಿದ್ದೆ. ಅವರಿಗೆ ಇವತ್ತಿಗೂ ಹೇಳಿಲ್ಲ.

ಒಳಗಿನ ವಿದ್ಯೆ ಮಾತ್ರ ಚಂದ ಉಂಟು. ಸ್ವರವನ್ನು ಸ್ವಲ್ಪ ಅಲ್ಲಾಡಿಸಿದರೆ ಗಮಕ ಅಲ್ವಾ? ಆ ಅಲ್ಲಾಟವನ್ನು ಸೆಕೆಂಡಿಗೆ ನೂರಾರು ಸಲ ಮಾಡಿದರೆ ಕಿವಿಗೆ ಅಲ್ಲಾಟ ಕೇಳುವುದಿಲ್ಲ, ನಾದದ ಬಣ್ಣವೇ ಬದಲಾಗುತ್ತದೆ. ಸ್ಟ್ಯಾನ್‌ಫರ್ಡ್‌ನಲ್ಲಿ ಜಾನ್ ಚೌನಿಂಗ್ 1967ರಲ್ಲಿ ಕಂಡುಕೊಂಡದ್ದು ಇದನ್ನೇ. ಡಿಎಕ್ಸ್7 ಒಳಗೆ ಅಂಥ ಆರು ಜನ ಇದ್ದಾರೆ, ಆಪರೇಟರ್ ಎಂದು ಹೆಸರು. ಒಬ್ಬ ಹಾಡುತ್ತಾನೆ, ಇನ್ನೊಬ್ಬ ಅವನ ಹೆಗಲು ಹಿಡಿದು ಅಲ್ಲಾಡಿಸುತ್ತಾನೆ. ಯಾರು ಯಾರನ್ನು ಅಲ್ಲಾಡಿಸಬೇಕು ಎಂಬ ವಂಶವೃಕ್ಷ 32 ಥರ. ಅದೇ ಆಲ್ಗೊರಿದಂ.

ನನ್ನ ಆಸೆ ದೊಡ್ಡದೇನಲ್ಲ. ದೇವಸ್ಥಾನದ ಗಂಟೆಯ ಸದ್ದು ಮಾಡಬೇಕು, ಅಷ್ಟೇ.

ಮೊದಲ ಪ್ರಯತ್ನದಲ್ಲಿ ನೆರೆಮನೆಯವರು ಬಂದರು. ಕೀ ಬಿಟ್ಟ ಮೇಲೆ ಸದ್ದು ಎಲ್ಲಿಗೆ ಇಳಿದು ನಿಲ್ಲಬೇಕು ಎನ್ನುವುದು ನಾಲ್ಕನೇ ಲೆವೆಲ್. ಅದು 0 ಇರಬೇಕು. ನಾನು 99 ಇಟ್ಟೆ, ಮಾರ್ಕು ಜಾಸ್ತಿ ಇದ್ದರೆ ಒಳ್ಳೆಯದೇ ಎಂದು. ಎಡತುದಿಯ ಕೀ ಒಂದು ಸಲ ಒತ್ತಿ ಬಿಟ್ಟೆ. ಸದ್ದು ನಿಲ್ಲಲಿಲ್ಲ. ಗೊಂಯ್ ಎಂದು ಒಂದೇ ಸಮ. ಗುಂಡಿ ಹುಡುಕುತ್ತಾ ಕಾಲು ಗಂಟೆ ಕಳೆಯಿತು. ಅಷ್ಟರಲ್ಲಿ ಬೇಲಿಯಾಚೆಯಿಂದ ಭಾವ ಓಡಿ ಬಂದರು.

"ಎಂತ ಮಾರಾಯಾ, ಪಂಪು ಬಂದ್ ಮಾಡ್ಲಿಕ್ಕೆ ಮರ್ತೆಯಾ? ಎಪ್ರಿಲ್ ತಿಂಗಳಲ್ಲಿ ಬಾವಿ ನೀರು ಹೀಗೆ ಹಾಳು ಮಾಡುದಾ?"

ಹಿಂದುಗಡೆಯ ಸ್ವಿಚ್ ಆಫ್ ಮಾಡಿದೆ. ಭಾವ ಪಂಪು ನಿಂತಿತು ಎಂದು ಸಮಾಧಾನದಿಂದ ಹೋದರು.

ಆಮೇಲೆ ನಾಲ್ಕು ಸಂಜೆ ಕೂತೆ. ಹಾಡುವವನ ಕಂಪನದ ವೇಗ 1 ಎಂದಾದರೆ ಅಲ್ಲಾಡಿಸುವವನದು 3.50. ಈ ಅರೆಬರೆ ಲೆಕ್ಕದಿಂದಲೇ ಲೋಹದ ಸದ್ದು ಹುಟ್ಟುವುದು. ಪೂರ್ಣ ಸಂಖ್ಯೆ ಕೊಟ್ಟರೆ ತುತ್ತೂರಿಯೋ ಪಿಟೀಲೋ ಆಗುವ ಕಡೆಗೆ ಹೋಗುತ್ತದೆ. ಆದರೆ 3.50 ಎಂದು ನೇರ ಬರೆಯುವ ಹಾಗಿಲ್ಲ. ಕೋರ್ಸ್ (ದಪ್ಪ ಲೆಕ್ಕ) ಎಂಬಲ್ಲಿ 2, ಫೈನ್ (ಸಣ್ಣ ಲೆಕ್ಕ) ಎಂಬಲ್ಲಿ 75 ಇಡಬೇಕು. ಎರಡು ಮತ್ತು ಎರಡರ ಮುಕ್ಕಾಲು ಪಾಲು, ಒಟ್ಟು ಮೂರೂವರೆ. ಅಡಿಕೆ ವ್ಯಾಪಾರದ ಲೆಕ್ಕ ಇದಕ್ಕಿಂತ ಸಲೀಸು. ಕ್ಯಾಲೆಂಡರಿನ ಹಿಂದೆ "3.50" ಎಂದು ದಪ್ಪ ಅಕ್ಷರದಲ್ಲಿ ಬರೆದಿಟ್ಟೆ.

ನಾಲ್ಕನೇ ಸಂಜೆ ಒಂದು ಕೀ ಒತ್ತಿದೆ. ಠಣ್ ಎಂದಿತು. ಮತ್ತೆ ಆ ಠಣ್ಣಿನ ಬಾಲ ಅಲೆ ಅಲೆಯಾಗಿ ಹಂಚಿನ ಮಾಡಿನವರೆಗೆ ಹೋಗಿ ಕರಗಿತು. ಜಗಲಿಯಲ್ಲಿ ಬತ್ತಿ ಹೊಸೆಯುತ್ತಿದ್ದ ಅಜ್ಜಿ ಹತ್ತಿ ಬದಿಗಿಟ್ಟು, ಎದ್ದು ನಿಂತು, ಕೈಮುಗಿದರು. ಯಾವ ದಿಕ್ಕಿಗೆ ಮುಗಿಯುವುದು ಎಂದು ತಿಳಿಯದೆ ಎರಡು ದಿಕ್ಕಿಗೂ ಮುಗಿದರು.

ಕೂಡಲೇ ಉಳಿಸಬೇಕಲ್ಲ. ಸ್ಟೋರ್ ಒತ್ತಿ ಹಿಡಿದು 7 ಒತ್ತಿದೆ. ಪರದೆಯಲ್ಲಿ "ಮೆಮೊರಿ ಪ್ರೊಟೆಕ್ಟೆಡ್" ಎಂದು ಬಂತು. ಆಹಾ, ಭದ್ರವಾಯಿತು ಎಂದು ಖುಷಿಯಲ್ಲಿ ಚಾ ಕುಡಿಯಲು ಹೋದೆ.

ಅದರ ಅರ್ಥ ಬೇರೆ. ಹಳೆಯ ನಾದಗಳಿಗೆ ಬೀಗ ಉಂಟು, ನಿನ್ನದನ್ನು ಒಳಗೆ ಬಿಡುವುದಿಲ್ಲ ಎಂದು. ಮೊದಲು ಬೀಗ ತೆಗೆಯಬೇಕಿತ್ತು. ಯಂತ್ರ ಮರ್ಯಾದೆಯಿಂದ ಹೇಳಿತ್ತು, ನಾನೇ ಆಶೀರ್ವಾದ ಎಂದುಕೊಂಡೆ. ಚಾ ಮುಗಿಸಿ ಬಂದು 1 ಒತ್ತಿ ನೋಡಿದೆ, ಆಮೇಲೆ 7 ಒತ್ತಿದೆ. ಮಾವ ಯಾವ ಕಾಲದಲ್ಲೋ ಇಟ್ಟಿದ್ದ ತುತ್ತೂರಿ ಪೋಂ ಎಂದಿತು. ಕಳೆದದ್ದನ್ನು ವಾಪಸ್ ಕರೆಯಲು ಎಡಿಟ್ ರಿಕಾಲ್ ಎಂಬ ದಾರಿಯೂ ಉಂಟು. ಅದು ನನಗೆ ತಿಳಿಯುವ ಹೊತ್ತಿಗೆ ಗಾಬರಿಯಲ್ಲಿ ಬೇರೆ ಹತ್ತು ನಾದ ಕೆದಕಿ ಆಗಿತ್ತು.

ಮರುದಿನ ಸಂಜೆ ಅಜ್ಜಿ ಕೇಳಿದರು, "ಇವತ್ತು ಗಂಟೆ ಇಲ್ವಾ ಮಗಾ?"

ಕ್ಯಾಲೆಂಡರ್ ತಿರುಗಿಸಿದೆ. 3.50 ಉಂಟು. ಅಲ್ಲಾಡಿಸುವವನ ಜೋರು ಎಷ್ಟಿತ್ತು, ಬಾಲ ಎಷ್ಟು ನಿಧಾನ ಇತ್ತು, ಒಂದೂ ಬರೆದಿಲ್ಲ. ಅಂದಾಜಿನಲ್ಲಿ ಏನೋ ಕೂಡಿಸಿ, ಈ ಸಲ ಮೊದಲು ಬೀಗ ತೆಗೆದು, ಉಳಿಸಿ, ಆಮೇಲೆ ಕೀ ಒತ್ತಿದೆ. ಟಿಣ್ ಟಿಣ್ ಎಂದಿತು.

ಅಜ್ಜಿ ಸೊಂಟದ ಚೀಲದಿಂದ ಇಪ್ಪತ್ತರ ನೋಟು ತೆಗೆದು ನನ್ನ ಕೈಗಿಟ್ಟರು.

"ಐಸ್ ಕ್ಯಾಂಡಿಯವ ಬಂದ ಅಂತ ಕಾಣ್ತದೆ. ಓಡು, ಮಕ್ಕಳಿಗೆ ತಾ. ನನಗೂ ಒಂದು."